ಕೆಟ್ಟಿರುವುದು ಗಣಕವಲ್ಲ!

ಕಡಿಮೆ ದುಡ್ಡಿನ ಕ್ರೋಮ್‌ಬುಕ್ 2011ರಿಂದ ಮಾರುಕಟ್ಟೆಯಲ್ಲಿದೆ. ಕಡತಗಳನ್ನು ಮುಖ್ಯವಾಗಿ ಅಂತರ್ಜಾಲದ ಉಗ್ರಾಣದಲ್ಲಿಡುವ ಯಂತ್ರವಿದು. ಹಳೆಯ ನುಡಿ ಫಾಂಟಿನ ಸುತ್ತೋಲೆಯನ್ನು ಇದರಲ್ಲಿ ತೆರೆಯಿರಿ: ಕನ್ನಡ ಮಾಯ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಯಂತ್ರ ಕೆಟ್ಟಿತೆಂದು ಜನ ರಿಪೇರಿ ಅಂಗಡಿಗೆ ಹೊರುತ್ತಾರೆ. ಕೆಟ್ಟಿರುವುದು ನಮ್ಮ ಅಭ್ಯಾಸ. ಹಳೆಯ ಫಾಂಟುಗಳು ಇಂಗ್ಲಿಷ್ ಸಂಕೇತಕ್ಕೆ ಕನ್ನಡದ ವೇಷ ಕಟ್ಟಿದವು; ಫಾಂಟು ಇಲ್ಲದಲ್ಲಿ ವೇಷ ಕಳಚುತ್ತದೆ.

ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಜಾಗವಿದೆ. ಕನ್ನಡ ಕೀಲಿಮಣೆಗೆ ದಾರಿ ತೋರಿದ ಕೆ.ಪಿ. ರಾವ್ ನಮ್ಮ ಕರಾವಳಿಯವರೇ. ಇಷ್ಟಿದ್ದೂ ಹಳೆಯ ಫಾಂಟಿಗೇ ಜೋತುಬೀಳುವುದು ಯಾವ ನ್ಯಾಯ? ಪೇಜ್‌ಮೇಕರ್‌ಗೆ ಯೂನಿಕೋಡ್ ಒಗ್ಗದು, ನಿಜ. ಅದು ನಮ್ಮಂಥ ಮುದ್ರಕರ ತೊಂದರೆ. ಪರಿವರ್ತಕ ನಮ್ಮ ಪ್ರೆಸ್ಸಿನಲ್ಲಿರಲಿ, ಹೊರೆ ಓದುಗನ ತಲೆಗೆ ಬೇಡ.

ಕುಂದಾಪುರದ ಜತೆಗೆ, 2018ರಲ್ಲಿ ತಾಲೂಕುಗಳಾದ ಬೈಂದೂರು, ಬ್ರಹ್ಮಾವರದ ಕಚೇರಿಗಳೂ ಶಾಲೆಗಳೂ ಯೂನಿಕೋಡ್ ಕಡತವನ್ನೇ ಕೊಡಲಿ. ಮಾರುವವರು ಕನ್ನಡ ಕೀಲಿಮಣೆಯನ್ನು ಅಂಗಡಿಯಲ್ಲೇ ಸೇರಿಸಿ ತೋರಿಸಲಿ. ಕೊಳ್ಳುವವರು ಎರಡು ಮಾತು ಕೇಳಲಿ: ಕನ್ನಡ ಮೂಡುತ್ತದೆಯೇ? ಸುರಕ್ಷತೆಯ ಅಪ್‌ಡೇಟ್ ಯಾವ ವರ್ಷದವರೆಗೆ? ಉತ್ತರ ಸಿಗುವ ತನಕ ದುಡ್ಡು ಎಣಿಸಬೇಡಿ. ಕನ್ನಡಿಗರೇ, ಗಿರಾಕಿ ಗಟ್ಟಿಯಾಗಿ ಕೇಳಿದಲ್ಲಿ ಮಾತ್ರ ಕನ್ನಡ ಉಳಿದೀತು!