ಕಾಣಿಕೆಯ ಹೆಸರಿನಲ್ಲಿ ಕಾಯಿಸುವುದು ಸಲ್ಲದು



ನಮ್ಮ ಸಂಘದ ಕುಟುಂಬಗಳಲ್ಲಿ ತಂತ್ರಾಂಶ ಕ್ಷೇತ್ರದವರ ಸಂಖ್ಯೆ ದೊಡ್ಡದು. ಅವರಲ್ಲಿ ಹಲವರು ಕಚೇರಿಯ ದುಡಿಮೆ ಮುಗಿದ ಮೇಲೂ ಇತರ ಸಂಸ್ಥೆಗಳ ಬೀಟಾ ಆವೃತ್ತಿಗಳನ್ನು, ಎಂದರೆ ಮಾರುಕಟ್ಟೆಗೆ ಬರುವ ಮುನ್ನಿನ ತಂತ್ರಾಂಶಗಳನ್ನು, ಸ್ವಯಂಸೇವಕರಾಗಿ ಪರೀಕ್ಷಿಸುತ್ತಾರೆ. ಕೊನೆಗೆ ಒಂದು ಮಿಂಚಂಚೆ ಬರುತ್ತದೆ: ನಿಮ್ಮ ನೆರವಿಗೆ ಧನ್ಯವಾದ, ಪುಟ್ಟ ಕಾಣಿಕೆಯೊಂದು ಶೀಘ್ರದಲ್ಲೇ ತಲುಪಲಿದೆ. ಆ ‘ಶೀಘ್ರ’ ತಿಂಗಳುಗಟ್ಟಲೆ ಬೆಳೆಯುತ್ತದೆ. ಟೀ ಶರ್ಟಿನ ಅಳತೆಯನ್ನೂ ಮನೆಯ ವಿಳಾಸವನ್ನೂ ಕೇಳಿ ಪಡೆದವರು ಮತ್ತೆ ಸುಳಿಯುವುದಿಲ್ಲ. ಕೇಳಿದವನಿಗೆ ಮಾತ್ರ ದುರಾಸೆಯವನೆಂಬ ಹೆಸರು. ಈ ಪದ್ಧತಿಯನ್ನು ನಾವು ಒಪ್ಪಿಕೊಂಡು ಸುಮ್ಮನಿರಬಾರದೆಂಬುದು ನನ್ನ ವಾದ.

‘ಸೇವೆಗೆ ಪ್ರತಿಫಲ ಬಯಸಬಾರದು’ ಎಂದು ಹಿರಿಯರು ಹೇಳಬಹುದು. ಸತ್ಯವಾದ ಮಾತು, ಆದರೆ ಅದು ದಾಸೋಹಕ್ಕೆ ಸಲ್ಲುವ ಮಾತು. ಲಾಭಕ್ಕಾಗಿ ಮಾರುವ ಸರಕಿನ ದೋಷವನ್ನು ಬಿಟ್ಟಿಯಾಗಿ ಹುಡುಕಿಕೊಡುವುದು ದಾಸೋಹವಲ್ಲ. ಅಲ್ಲದೆ ಕಾಣಿಕೆಯ ಮಾತೆತ್ತಿದವರು ನಾವಲ್ಲ, ಅವರು. ಕೊಟ್ಟ ಮಾತಿಗೆ ತಪ್ಪಬಾರದೆಂಬ ಪಾಠವನ್ನು ಪುಣ್ಯಕೋಟಿಯ ನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಉದ್ಯಮದ ಇತಿಹಾಸದಲ್ಲೇ ಎರಡೂ ಬಗೆಯ ಉದಾಹರಣೆಗಳಿವೆ. 2000ದ ಸೆಪ್ಟೆಂಬರಿನಲ್ಲಿ ಆಪಲ್ ಸಂಸ್ಥೆ ಮ್ಯಾಕ್ ಓಎಸ್ ಎಕ್ಸ್‌ನ ಸಾರ್ವಜನಿಕ ಬೀಟಾವನ್ನು 29.95 ಡಾಲರಿಗೆ ಮಾರಿತು. ಪರೀಕ್ಷಿಸುವವನೇ ಹಣ ತೆರಬೇಕಾಯಿತು! ಆದರೂ ಮರುವರ್ಷ ಪೂರ್ಣ ಆವೃತ್ತಿ ಕೊಂಡಾಗ ಅವರಿಗೆ 30 ಡಾಲರ್ ರಿಯಾಯಿತಿ ದೊರೆಯಿತು. ಲೆಕ್ಕ ಚುಕ್ತಾ ಆಯಿತು. ಇನ್ನೊಂದೆಡೆ, ಅಮೆರಿಕ ಆನ್‌ಲೈನ್ ಸಂಸ್ಥೆಯ ಹರಟೆಕೋಣೆಗಳನ್ನು ನೋಡಿಕೊಳ್ಳುತ್ತಿದ್ದ ಸ್ವಯಂಸೇವಕರು ತಮ್ಮದು ಸೇವೆಯಲ್ಲ, ವೇತನ ಸಲ್ಲಬೇಕಾದ ದುಡಿಮೆ ಎಂದು 1999ರಲ್ಲಿ ದಾವೆ ಹೂಡಿದರು. ಅದು 2010ರಲ್ಲಿ ಒಂದೂವರೆ ಕೋಟಿ ಡಾಲರುಗಳ ರಾಜಿಯಲ್ಲಿ ಮುಗಿಯಿತು.

ಕೃತಜ್ಞತೆಗೆ ಹಣದ ಗಾತ್ರ ಮುಖ್ಯವಲ್ಲ ಎಂಬುದಕ್ಕೆ ಗಣಕವಿಜ್ಞಾನಿ ಡೊನಾಲ್ಡ್ ಕನೂತ್ ಸಾಕ್ಷಿ. ತಮ್ಮ ಗ್ರಂಥಗಳಲ್ಲಿ ತಪ್ಪು ಕಂಡುಹಿಡಿದವರಿಗೆ ಅವರು 2.56 ಡಾಲರುಗಳ ಚೆಕ್ ಬರೆದು ಕಳುಹಿಸುತ್ತಿದ್ದರು. ಪಡೆದವರಲ್ಲಿ ಅನೇಕರು ಅದನ್ನು ಬ್ಯಾಂಕಿಗೆ ಒಯ್ಯದೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಮೊತ್ತ ಎಷ್ಟೆಂಬುದು ಮೊದಲೇ ಎಲ್ಲರಿಗೂ ತಿಳಿದಿತ್ತು. ಆ ಚೆಕ್ಕಿಗೆ ಗೌರವ ಬಂದದ್ದು ಆ ಪ್ರಾಮಾಣಿಕತೆಯಿಂದ.

ಕನ್ನಡಿಗರಿಗೆ ಈ ವಿಷಯ ಇನ್ನಷ್ಟು ಹತ್ತಿರದ್ದು. ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದಿದೆಯೇ, ಅರ್ಕಾವತ್ತು ತನ್ನ ಸ್ಥಾನದಲ್ಲಿದೆಯೇ, ಕೀಲಿಮಣೆಯಲ್ಲಿ ಳಕಾರ ಸಿಗುತ್ತದೆಯೇ ಎಂಬುದನ್ನು ಕನ್ನಡ ಓದಬಲ್ಲವನೇ ಹೇಳಬೇಕು. ನಮ್ಮವರು ಭಾಷಾಭಿಮಾನದಿಂದ ಈ ಕೆಲಸಕ್ಕೆ ಮುಂದಾಗುತ್ತಾರೆ. ಆ ಅಭಿಮಾನವನ್ನು ಬಿಟ್ಟಿ ದುಡಿಮೆಯ ಕಣಜವೆಂದು ಯಾರೂ ಎಣಿಸಬಾರದು. ತಿಂಗಳುಗಳ ಬಳಿಕವೂ ಟೀ ಶರ್ಟು ಬಾರದಿದ್ದರೆ ಅದು ಸಣ್ಣ ನಷ್ಟ. ತೋರಿಸಿಕೊಟ್ಟ ದೋಷ ಹಾಗೆಯೇ ಉಳಿದುಕೊಂಡು ಆವೃತ್ತಿ ಬಿಡುಗಡೆಯಾದರೆ, ಅದು ಇಡೀ ಭಾಷೆಗೆ ಆದ ಅವಮಾನ.

ಆದ್ದರಿಂದ ಇನ್ನು ಮುಂದೆ ಪರೀಕ್ಷೆಗೆ ಒಪ್ಪುವ ಮೊದಲೇ ಮೂರು ಪ್ರಶ್ನೆಗಳನ್ನು ಬರಹದಲ್ಲಿ ಕೇಳೋಣ. ಪ್ರತಿಫಲವುಂಟೇ, ಉಂಟಾದರೆ ಏನು ಮತ್ತು ಯಾವ ದಿನಾಂಕದೊಳಗೆ? ನಾವು ತಿಳಿಸಿದ ದೋಷಗಳ ಗತಿ ನಮಗೆ ತಿಳಿಯುವುದೇ? ಪರೀಕ್ಷಕರ ಹೆಸರು ಎಲ್ಲಾದರೂ ದಾಖಲಾಗುವುದೇ? ‘ಏನೂ ಕೊಡುವುದಿಲ್ಲ’ ಎಂಬುದು ಗೌರವದ ಉತ್ತರವೇ, ಒಪ್ಪುವವರು ಒಪ್ಪಲಿ. ಆದರೆ ‘ನೋಡೋಣ’ ಎಂಬ ಉತ್ತರಕ್ಕೆ ನಮ್ಮ ಸಂಜೆಗಳನ್ನು ಒತ್ತೆಯಿಡುವುದು ಬೇಡ.

ಇದೇ ಅಳತೆಗೋಲು ನಮ್ಮ ಸಂಘಕ್ಕೂ ಅನ್ವಯಿಸಲಿ. ಯುಗಾದಿಗೆ ಕುರ್ಚಿ ಜೋಡಿಸಿದವರಿಗೆ, ರಾಜ್ಯೋತ್ಸವದಂದು ಅಡುಗೆಮನೆಯಲ್ಲೇ ದಿನ ಕಳೆದವರಿಗೆ, ‘ಮುಂದೆ ಸನ್ಮಾನಿಸುತ್ತೇವೆ’ ಎಂಬ ಮಾತು ಸಾಲದು. ವೇದಿಕೆಯ ಮೇಲೆ ಅಂದೇ ಅವರ ಹೆಸರನ್ನು ಹೇಳಿ ವಂದಿಸೋಣ. ಅನ್ಯರಿಂದ ನಾವು ಕೇಳುವುದನ್ನು ನಮ್ಮವರಿಗೆ ಮೊದಲು ಕೊಟ್ಟಾಗಲೇ ನಮ್ಮ ಮಾತಿಗೆ ತೂಕ.