ಯಾರ ಮುಖಕ್ಕೆ ಯಾರ ಮಾತು?



ಹಳೆಯ ಚಿತ್ರಗಳನ್ನು ಎತ್ತಿಕೊಂಡು ಇಂದಿನ ಕಲಾವಿದರು ಚೆಲ್ಲಾಟವಾಡುತ್ತಿದ್ದಾರೆಂದು ನಮ್ಮಲ್ಲಿ ಅನೇಕರಿಗೆ ಸಿಟ್ಟು. ಆ ಸಿಟ್ಟು ಸಲ್ಲಬೇಕಾದವರಿಗೆ ಸಲ್ಲುತ್ತಿಲ್ಲ ಎಂಬುದೇ ನನ್ನ ತಕರಾರು.

ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಅವರನ್ನೇ ನೋಡಿ. 2000ದಿಂದ 2004ರ ಅವಧಿಯಲ್ಲಿ ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಡನೆ ಅವರು ದಕ್ಷಿಣ ಭಾರತದ ಸ್ತ್ರೀಯರ ಕುರಿತು ಒಂದು ಚಿತ್ರಮಾಲಿಕೆಯನ್ನು ರಚಿಸಿದರು. ಅದರಲ್ಲಿ ರವಿವರ್ಮನ ಲಕ್ಷ್ಮಿಯಾಗಿ ತಾವೇ ನಿಂತರು. ಬ್ರಿಟಿಷರು ಮನುಷ್ಯರನ್ನು ಅಳೆಯಲೆಂದು ಬೆನ್ನ ಹಿಂದೆ ಇರಿಸುತ್ತಿದ್ದ ಚೌಕುಳಿ ಪರದೆಯ ಮುಂದೆ ತೋಡ ಹೆಂಗಸಾಗಿ ನಿಂತರು. ನಮ್ಮ ವೇಲಾಂಕಣಿ ಆರೋಗ್ಯ ಮಾತೆಯ ವೇಷವನ್ನೂ ತೊಟ್ಟರು! ಹುಬ್ಬು ಗಂಟಿಕ್ಕುವ ಮುನ್ನ ಗಮನಿಸಿ: ಯಾವ ಮೂಲದಿಂದ ತೆಗೆದುಕೊಂಡ ಚಿತ್ರವೆಂಬುದನ್ನು ಅವರು ಶೀರ್ಷಿಕೆಯಲ್ಲೇ ತಿಳಿಸಿದ್ದಾರೆ. ಮಾತೆಯ ಬಾಯಿಗೆ ಒಂದು ಮಾತನ್ನೂ ತುರುಕಿಲ್ಲ. ಪಣಕ್ಕೊಡ್ಡಿದ್ದು ತಮ್ಮ ಮುಖವನ್ನು, ತಮ್ಮ ಹೆಸರನ್ನು. ಹೆಣ್ಣನ್ನು ನಾವು ಯಾವ ಯಾವ ಚೌಕಟ್ಟಿನಲ್ಲಿ ಕೂರಿಸಿ ನೋಡಿದ್ದೇವೆ ಎಂಬುದು ಅಲ್ಲಿಯ ಪ್ರಶ್ನೆ. ಅಂಗಡಿಯ ಕ್ಯಾಲೆಂಡರಿನಲ್ಲಿ ಅದೇ ಲಕ್ಷ್ಮಿಯನ್ನು ಕಂಡಾಗ ಆ ಪ್ರಶ್ನೆ ನಮಗೆ ಹೊಳೆಯುವುದೇ ಇಲ್ಲ.

ಇನ್ನು ನಿಮ್ಮ ಕುಟುಂಬದ ವಾಟ್ಸಾಪ್ ಬಳಗವನ್ನು ತೆರೆಯಿರಿ. ಲಿಯೊನಾರ್ಡೊ ಚಿತ್ರಿಸಿದ ಕಡೆಯ ಭೋಜನದ ಮೇಲೆ ಬಿಲ್ಲು ಕಟ್ಟುವವರು ಯಾರೆಂಬ ಹಾಸ್ಯ. 'ನಿಮ್ಮಲ್ಲೊಬ್ಬನು ನನ್ನನ್ನು ಹಿಡಿದುಕೊಡುವನು' ಎಂದು ಸ್ವಾಮಿ ನುಡಿದ ಕ್ಷಣದ ಚಿತ್ರವದು. ಪಕ್ಕದಲ್ಲೇ ಯಾರೋ ಸಾಹಿತಿಯ ಭಾವಚಿತ್ರ, ಅದರ ಕೆಳಗೆ ಅವರು ಎಂದೂ ಬರೆಯದ ಸಾಲು. ಮಲ್ಲತ್ತಹಳ್ಳಿಯ ನಮಗೆ ಇದು ದೂರದ ಸಂಗತಿಯಲ್ಲ. 2013ರ ಡಿಸೆಂಬರಿನಲ್ಲಿ ಜಿ.ಎಸ್. ಶಿವರುದ್ರಪ್ಪ, 2014ರ ಆಗಸ್ಟಿನಲ್ಲಿ ಯು.ಆರ್. ಅನಂತಮೂರ್ತಿ, ಇಬ್ಬರ ಅಂತ್ಯಕ್ರಿಯೆಯೂ ಇಲ್ಲಿಯ ಕಲಾಗ್ರಾಮದಲ್ಲೇ ನಡೆಯಿತು. ಅಂಥವರ ಮುಖಕ್ಕೆ ಯಾರೋ ತಮ್ಮ ಮಾತನ್ನು ಅಂಟಿಸಿದರೆ ಅಲ್ಲಗಳೆಯಲು ಅವರು ಎದ್ದು ಬರುವುದಿಲ್ಲ. ಈಗಂತೂ ಸತ್ತವರ ತುಟಿಯನ್ನೇ ಅಲುಗಿಸುವ ಯಂತ್ರಗಳು ಬಂದಿವೆ.

ಪ್ರತಿಮೆಗೆ ಸಲ್ಲುವ ಗೌರವವು ಆ ಪ್ರತಿಮೆ ಯಾರದೋ ಅವರಿಗೇ ಸಲ್ಲುತ್ತದೆಂದು 787ರಲ್ಲಿ ನೈಸಿಯಾದ ಎರಡನೆಯ ಮಹಾಸಭೆ ಸಾರಿತು. ಗೌರವ ಹಾಗೆ ದಾಟಿಹೋಗುವುದಾದರೆ ಅಗೌರವ ಮಾತ್ರ ಗಾಜಿನ ಪರದೆಯಲ್ಲೇ ಉಳಿದೀತೇ?

"ನಗುವಿಗೆ ತಾನೇ, ಫಾದರ್?" ಎನ್ನುವಿರಿ. ನಗುವಿಗೆ ನಾನು ಶತ್ರುವಲ್ಲ. ಅರ್ಚನಾ ವಿಧಿಯ ನಡುವೆ ಮೊಬೈಲು ಬಾರಿಸಿಕೊಳ್ಳುವ ನಮ್ಮನ್ನು ಯಾರಾದರೂ ವ್ಯಂಗ್ಯಚಿತ್ರವಾಗಿಸಲಿ, ಮೊದಲು ನಗುವವನು ನಾನೇ. ಆದರೆ ಕಲಾವಿದೆಯ ಚಿತ್ರ ಹಿಡಿಸದಿದ್ದರೆ ನೇರ ಆಕೆಯೊಡನೆಯೇ ವಾದಿಸಬಹುದು, ಹೆಸರಿದೆ, ಮುಖವಿದೆ. ನಿಮ್ಮ ಬಳಗಕ್ಕೆ ಬಂದ ಚಿತ್ರವನ್ನು ಮಾಡಿದವರು ಯಾರೆಂದು ಕಳುಹಿಸಿದ ಚಿಕ್ಕಪ್ಪನನ್ನು ಕೇಳಿ ನೋಡಿ. "ನನಗೂ ಯಾರೋ ಕಳಿಸಿದ್ದು" ಎನ್ನುತ್ತಾರೆ.