ತಮಟೆ ಚೀಲದಲ್ಲಿ ತಣಿಗೆ ಯಾಕೆ?

ಜಾತ್ರೆ ಕಾಲ ಬಂತೆಂದರೆ ನಮ್ಮ ಹಾಸ್ಟೆಲ್ಲುಗಳಿಂದ ತಮಟೆ ತಂಡಗಳು, ಹಾಡಿನ ತಂಡಗಳು ಊರೂರಿಗೆ ಹೊರಡುತ್ತವೆ. ಅರಸೀಕೆರೆಯಲ್ಲಿ ರೈಲಿಳಿದು ಜಾವಗಲ್ ಮೇಲೆ ಹಳೇಬೀಡು, ಅಲ್ಲಿಂದ ಹದಿನಾರು ಕಿಲೋಮೀಟರು ಬೇಲೂರು. ಒಂದು ರಾತ್ರಿ ಊರಹಬ್ಬ, ಇನ್ನೊಂದು ರಾತ್ರಿ ಜಯಂತಿ ಮೆರವಣಿಗೆ, ಮೂರನೇ ದಿನ ಯಾರದೋ ಮದುವೆ. ಹೊಸ ಹುಡುಗರು ಕೇಳುತ್ತಾರೆ: 'ಅಣ್ಣಾ, ಚೀಲಕ್ಕೆ ಏನೇನ್ ತುಂಬ್ಕೋಬೇಕು?' ಇದು ಸಣ್ಣ ಪ್ರಶ್ನೆ ಅಲ್ಲ. ಕಲಾವಿದನ ಚೀಲ ಬಿಚ್ಚಿ ನೋಡಿದರೆ ಸಾಕು, ಅವನನ್ನು ಕರೆಸಿದ ಊರು ಎಂಥದ್ದು ಅಂತ ಗೊತ್ತಾಗಿಬಿಡುತ್ತದೆ.

ನಮ್ಮ ಅಪ್ಪ ತಾತಂದಿರ ಹೆಗಲ ಮೇಲೆ ಏನಿತ್ತು? ತಮಟೆ, ಎರಡು ಕಡ್ಡಿ, ಹಳೇ ಕಂಬಳಿ, ಮತ್ತೆ ಒಂದು ತಣಿಗೆ. ತಮಟೆ ಬಡಿಯದೆ ದೇವರು ಗುಡಿ ಬಿಟ್ಟು ಏಳುತ್ತಿರಲಿಲ್ಲ, ಹೆಣ ಮನೆ ಬಿಟ್ಟು ಏಳುತ್ತಿರಲಿಲ್ಲ. ಆದರೆ ದೇವರನ್ನೂ ಹೆಣವನ್ನೂ ಎಬ್ಬಿಸಿದವನಿಗೆ ಉಣ್ಣಲು ಇಡೀ ಊರಲ್ಲಿ ಒಂದು ತಟ್ಟೆ ಇರಲಿಲ್ಲ! ಅರಸೀಕೆರೆ ತೆಂಗಿನ ಸೀಮೆ. ಕಾಯಿ ಅವರಿಗೆ, ಕರಟ ನಮಗೆ. ಕರಟದಲ್ಲಿ ಕುಡಿಯಲು ಮನಸ್ಸೊಪ್ಪದವರು ಮನೆಯಿಂದಲೇ ಲೋಟ ಹೊತ್ತರು. ಊರಿನವರ ಜಾತಿಯ ಭಾರವನ್ನು ನಮ್ಮವರು ತಮ್ಮ ಹೆಗಲ ಮೇಲೆ ಹೊತ್ತು ತಿರುಗಿದರು.

ಆದ್ದರಿಂದ ನಾವು ಹೇಳುವುದು ಇಷ್ಟೇ: ನಮ್ಮ ಕಸುಬಿಗೆ ಬೇಕಾದ್ದು ನಮ್ಮ ಚೀಲದಲ್ಲಿರಲಿ. ಕರೆಸಿದವರು ಕೊಡಬೇಕಾದ್ದು ನಮ್ಮ ಚೀಲದಲ್ಲಿ ಇರಕೂಡದು.

ಮೊದಲು ಕಸುಬಿನ ಮಾತು. ಅರಸೀಕೆರೆ ಬಯಲುಸೀಮೆ, ಬೇಲೂರು ಮಲೆನಾಡಿನ ಅಂಚು. ಇಲ್ಲಿ ಖಣಿಖಣಿ ಅನ್ನುವ ತಮಟೆ ಅಲ್ಲಿ ಸೋನೆ ಹಿಡಿದರೆ ಮಂಕಾಗುತ್ತದೆ. ಚರ್ಮ ತೇವ ಕುಡಿದು ಸಡಿಲವಾಗುತ್ತದೆ. ಬೇಲೂರು ಕಡೆ ಹೊರಟವರು ಬೆಂಕಿಪೊಟ್ಟಣ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಳ್ಳಿ, ಒಂದು ಕಟ್ಟು ಒಣಹುಲ್ಲು ಒಯ್ಯಿರಿ. ಅರಸೀಕೆರೆ ಬಿಸಿಲಲ್ಲಿ ಇದೇ ಚರ್ಮವನ್ನು ಅತಿಯಾಗಿ ಕಾಯಿಸಿದರೆ ಸೀಳುತ್ತದೆ, ಹುಷಾರು. ಫೈಬರ್ ತಮಟೆಗೆ ಬೆಂಕಿ ಬೇಡ, ಬೋಲ್ಟು ಬಿಗಿಯಲು ಸ್ಪಾನರ್ ಬೇಕು. ಕಡ್ಡಿಗಳು ಎರಡೆರಡು ಜೊತೆ ಇರಲಿ, ಮುರಿಯುವುದು ಯಾವಾಗಲೂ ನಡುಬೀದಿಯಲ್ಲೇ. ಬೆರಳಿಗೆ ಸುತ್ತಲು ಬಟ್ಟೆ, ಒಂದು ಹೊದಿಕೆ, ಹಾಡು ಬರೆದ ನೋಟ್‌ಬುಕ್ಕು. ಮೊಬೈಲಿನಲ್ಲಿ ಹಾಡಿದೆ ಅಂತ ನೋಟ್‌ಬುಕ್ಕು ಬಿಡಬೇಡಿ. ಚಾರ್ಜು ಮುಗಿದರೆ ಹಾಡೂ ಮುಗಿಯುತ್ತದೆ.

ನೀರು? ಇಲ್ಲಿ ಸ್ವಲ್ಪ ನಿಲ್ಲಬೇಕು. 1901ರಲ್ಲಿ ಸತಾರಾದಿಂದ ತಂದೆಯ ಬಳಿಗೆ ಹೊರಟ ಬಾಲಕ ಅಂಬೇಡ್ಕರ್ ಮತ್ತು ಜೊತೆಯ ಹುಡುಗರ ಹತ್ತಿರ ಬುತ್ತಿ ಇತ್ತು, ಹೊಸ ಬಟ್ಟೆ ಇತ್ತು, ಗಾಡಿ ಬಾಡಿಗೆಗೆ ದುಡ್ಡೂ ಇತ್ತು. ನೀರು ಮಾತ್ರ ಇರಲಿಲ್ಲ. ದಾರಿಯಲ್ಲಿ ಯಾರೂ ಕೊಡಲಿಲ್ಲ. ಬುತ್ತಿ ಪಕ್ಕದಲ್ಲಿಟ್ಟುಕೊಂಡೇ ಹಸಿದು ಮಲಗಿದರು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಇದನ್ನು ಅವರೇ ಬರೆದಿದ್ದಾರೆ. ಹಾಡುವ ಗಂಟಲಿಗೆ ನೀರು ಬೇಕು, ದಾರಿಗೆ ಒಂದು ಬಾಟಲಿ ಇಟ್ಟುಕೊಳ್ಳಿ. ಆದರೆ ದಾರಿಗೆ ಒಯ್ಯಿರಿ, ಊರಿಗೆ ಒಯ್ಯಬೇಡಿ. ಊರು ಮುಟ್ಟಿದ ಮೇಲೆ ನೀರು ಕೊಡಬೇಕಾದ್ದು ಊರಿನ ಕೆಲಸ.

ಬೇಲೂರಿನ ಚನ್ನಿಗರಾಯನಿಗೂ ಪ್ರವಾಸ ಉಂಟು. ಬಾಬಾಬುಡನ್‌ಗಿರಿಯಲ್ಲಿರುವ ದೇವಿಯನ್ನು ನೋಡಲು ಆತ ಹೋಗುತ್ತಾನಂತೆ, ಅದಕ್ಕೆ ದೊಡ್ಡ ಪಾದರಕ್ಷೆ ಬೇಕಂತೆ. ಅವು ಸವೆದರೆ ಚನ್ನಗಿರಿ, ಬಸವಾಪಟ್ಟಣದ ಚರ್ಮದ ಕೆಲಸದವರ ಕನಸಿನಲ್ಲಿ ಬಂದು ಹೊಸದು ಕೇಳುತ್ತಾನಂತೆ. ಅದನ್ನು ಒಪ್ಪಿಸಲು ಅವರನ್ನು ಗುಡಿಯ ಅಂಗಳದ ತನಕ ಬಿಡುತ್ತಿದ್ದರಂತೆ. ಬಿ. ಎಲ್. ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ಈ ಕತೆ ದಾಖಲಿಸಿದ್ದಾನೆ. ನೋಡಿದಿರಾ? ದೇವರ ಪ್ರಯಾಣದ ಸಾಮಾನು ಹೊಲಿಯಲು ನಮ್ಮ ಕೈ ಬೇಕು. ನಮ್ಮ ಪ್ರಯಾಣಕ್ಕೆ ಒಂದು ತಣಿಗೆ ಕೊಡಲು ಅವರ ಕೈ ಬರೋದಿಲ್ಲ!

'ಅಯ್ಯೋ ಅದೆಲ್ಲ ಹಳೇ ಕಾಲದ ಮಾತು, ಈಗ ಯಾರು ಕರಟ ಕೊಡ್ತಾರೆ?' ಅನ್ನುವವರಿದ್ದಾರೆ. ನಿಜ, ಕರಟ ಹೋಯಿತು. ಅದರ ಜಾಗಕ್ಕೆ ಪೇಪರ್ ಲೋಟ ಬಂತು. ಎಲ್ಲರಿಗೂ ಪೇಪರ್ ಲೋಟವಾದರೆ ನಮ್ಮದೇನೂ ತಕರಾರಿಲ್ಲ. ನಾದಸ್ವರದವರಿಗೆ ಸ್ಟೀಲು, ನಮಗೆ ಪೇಪರ್ ಆದರೆ ಅದು ಸ್ವಚ್ಛತೆಯಲ್ಲ, ಕರಟದ ಮೊಮ್ಮಗ. ಇನ್ನು ಕೆಲವರು, 'ಸ್ವಂತ ತಟ್ಟೆ ಒಯ್ದರೆ ಆರೋಗ್ಯಕ್ಕೆ ಒಳ್ಳೇದು, ಜಗಳವೂ ಇಲ್ಲ' ಅನ್ನುತ್ತಾರೆ. ಹಾಗಾದರೆ ಊಟಕ್ಕೆ ಬಂದ ಗೌಡರೂ ಶ್ಯಾನುಭೋಗರೂ ಕಂಕುಳಲ್ಲಿ ತಟ್ಟೆ ಇಟ್ಟುಕೊಂಡು ಬರಲಿ, ನಾವೂ ತರುತ್ತೇವೆ. ಜಗಳ ಬೇಡ ಅಂತ ನಾವು ತಟ್ಟೆ ಒಯ್ದ ದಿನವೇ ಅವರು ಗೆದ್ದರು. ಬಾಯಿಬಿಟ್ಟು 'ದೂರ ಕೂತ್ಕೊಳ್ರೋ' ಅನ್ನುವ ಕಷ್ಟವನ್ನೂ ಅವರಿಗೆ ನಾವು ತಪ್ಪಿಸಿದೆವು.

ಕಾನೂನು ಏನು ಹೇಳುತ್ತದೆ? ಸಂವಿಧಾನದ 17ನೇ ವಿಧಿ ಎಲ್ಲರಿಗೂ ಬಾಯಿಪಾಠ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಗೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂದು ಹೆಸರು ಬದಲಾಯಿತು. ಅಸ್ಪೃಶ್ಯತೆಯ ಕಾರಣಕ್ಕೆ ಹೋಟೆಲಿನಲ್ಲಿ, ಧರ್ಮಛತ್ರದಲ್ಲಿ ಜನರ ಬಳಕೆಗೆ ಇಟ್ಟ ಪಾತ್ರೆಯನ್ನು ಬಳಸಬೇಡ ಅನ್ನುವುದೇ ಅಪರಾಧ ಅಂತ ಅದರ 4ನೇ ಕಲಮು ಹೇಳುತ್ತದೆ. ಲೋಟ, ತಟ್ಟೆ ಇವೆಲ್ಲ ಕಾಯಿದೆಯೊಳಕ್ಕೆ ಬಂದಿವೆ ಗೆಳೆಯರೇ, ಇನ್ನೂ ನಮ್ಮ ಚೀಲದೊಳಗೆ ಯಾಕಿರಬೇಕು? ಬಿಟ್ಟಿ ಚಾಕರಿ ಮಾಡಿಸುವುದು 1989ರ ದೌರ್ಜನ್ಯ ತಡೆ ಕಾಯಿದೆಯಲ್ಲಿ ಅಪರಾಧ. 'ತಮಟೆ ಬಡಿಯೋದು ನಿಮ್ಮ ಕುಲದ ಚಾಕರಿ, ಅದಕ್ಕೆ ದುಡ್ಡೇನು?' ಅಂತ ಬಲವಂತ ಮಾಡುವವರಿಗೆ ಈ ಕಾಯಿದೆಯ ಹೆಸರು ಒಂದು ಸಲ ಗಟ್ಟಿಯಾಗಿ ಹೇಳಿ ನೋಡಿ.

ನಮ್ಮಲ್ಲೇ ಕೆಲವರು, 'ತಮಟೆ ಗುಲಾಮಗಿರಿಯ ಗುರುತು, ಬೆಂಕಿಗೆ ಹಾಕಿ' ಅನ್ನುತ್ತಾರೆ. ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ. ಹೆಣದ ಮುಂದೆ ಕುಣಿಸಿ, ಕೂಲಿಯ ಬದಲು ಬಾಟ್ಲಿ ಕೊಟ್ಟು ಕೈತೊಳೆದುಕೊಂಡವರ ಮೇಲಿನ ಸಿಟ್ಟು ಅದು. ಆದರೆ ತಪ್ಪು ತಮಟೆಯದಲ್ಲ, ಕರಾರಿನದು. ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಇದೇ ತಮಟೆಗೆ. ಕೇರಿಗಳ ಮೆರವಣಿಗೆಯನ್ನು ಮುಂದಕ್ಕೆ ನಡೆಸಿದ್ದೂ ಇದೇ ತಮಟೆ. ಬೆಂಕಿ ತಮಟೆಯನ್ನು ಕಾಯಿಸಲಿ, ಸುಡುವುದು ಬೇಡ. ಸುಡಬೇಕಾದ್ದು ಬಿಟ್ಟಿಯನ್ನು.

ಅದೇ 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ಪಟ್ಟಿ ಸೇರಿದವು. ದೇಶವಿದೇಶದವರು ಬಂದು ಕತ್ತೆತ್ತಿ ನೋಡುತ್ತಾರೆ. ಮದನಿಕೆಯರ ಪಕ್ಕದಲ್ಲಿ ವಾದ್ಯ ಬಾರಿಸುವವರು ಇದ್ದಾರೆ, ಕುಣಿಯುವವರಿದ್ದಾರೆ. ಕಲ್ಲಿನ ವಾದ್ಯಗಾರನಿಗೆ ಬಿಸಿಲು ಮಳೆ ತಾಗದ ಹಾಗೆ ಕಾವಲು. ಉಸಿರಾಡುವ ವಾದ್ಯಗಾರ ಮಾತ್ರ ಚಳಿಯಲ್ಲಿ ಶಾಲೆ ಜಗಲಿ ಮೇಲೆ ತಮಟೆ ತಲೆದಿಂಬು ಮಾಡಿಕೊಂಡು ಮಲಗಬೇಕು. ಇದ್ಯಾವ ನ್ಯಾಯ?

ಹಾಗಾದರೆ ತಣಿಗೆ ತೆಗೆದ ಜಾಗದಲ್ಲಿ ಏನಿಡಬೇಕು? ಒಂದು ಹಾಳೆ ಕಾಗದ. ಒಪ್ಪಿಕೊಳ್ಳುವ ಮುಂಚೆ ಕರೆಸುವವರಿಂದ ಇಷ್ಟನ್ನು ಬರೆಸಿಕೊಳ್ಳಿ:

1. ಎಷ್ಟು ಜನ, ಎಷ್ಟು ಹೊತ್ತು. 'ಬೆಳಗಾಗೋ ತನಕ' ಅನ್ನುವುದು ಲೆಕ್ಕವಲ್ಲ.

2. ಸಂಭಾವನೆ ಎಷ್ಟು, ಮುಂಗಡ ಎಷ್ಟು. ಬಾಟ್ಲಿ, ಹಳೇ ಪಂಚೆ, ಕಾಳುಕಡ್ಡಿ ಸಂಭಾವನೆ ಅಲ್ಲ.

3. ರೈಲು, ಬಸ್ಸಿನ ಖರ್ಚು. ತಮಟೆಗೆ ಲಗೇಜು ಕೊಟ್ಟರೆ ಆ ಟಿಕೆಟ್ಟೂ ಜೋಪಾನ.

4. ಊಟ ಎಲ್ಲರ ಜೊತೆ, ಒಂದೇ ಪಂಕ್ತಿ, ಒಂದೇ ತರದ ತಟ್ಟೆ ಲೋಟ.

5. ಮಲಗಲು ಸೂರು, ಕಕ್ಕಸು, ನೀರು. ತಂಡದಲ್ಲಿ ಹುಡುಗಿಯರಿದ್ದರೆ ಬಾಗಿಲಿಗೆ ಒಳಚಿಲಕವಿರುವ ಬೇರೆ ಕೋಣೆ.

6. ಕರಪತ್ರದಲ್ಲಿ ಹೆಸರು. ನಾದಸ್ವರ ವಿದ್ವಾಂಸರ ಹೆಸರು ದಪ್ಪಕ್ಷರದಲ್ಲಿ, ನಮಗೆ ಬರೀ 'ತಮಟೆ ವಾದ್ಯದೊಂದಿಗೆ' ಅಂದರೆ ಆಗದು. ವಾದ್ಯ ತಾನೇ ಬಸ್ಸು ಹತ್ತಿ ಬರೋದಿಲ್ಲ.

ಬರೆದುಕೊಡಲು ನಾಚಿಕೆ ಪಡುವವರು ಮೊಬೈಲಿನಲ್ಲಿ ಕಳಿಸಲಿ, ಅದೂ ದಾಖಲೆಯೇ. 'ನಾಲ್ಕನೇದೊಂದು ಬಿಟ್ಬಿಡ್ರಪ್ಪಾ, ಊರಿನವರು ಒಪ್ಪಲ್ಲ' ಅಂದರೆ ನಯವಾಗಿಯೇ ಹೇಳಿ: 'ಹಂಗಾದ್ರೆ ಈ ಸಲ ನಿಮ್ಮ ದೇವರನ್ನ ನೀವೇ ಎಬ್ಬಿಸ್ಕೊಳ್ಳಿ ಸ್ವಾಮಿ.'

ಒಂದು ತಂಡ ಹೀಗಂದರೆ ಇನ್ನೊಂದು ತಂಡವನ್ನು ಅರ್ಧ ದುಡ್ಡಿಗೆ ಕರೆಸುತ್ತಾರೆ. ಅದು ಅವರಿಗೆ ಗೊತ್ತಿರುವ ಹಳೇ ಆಟ. ಆದ್ದರಿಂದ ಅರಸೀಕೆರೆ, ಹಳೇಬೀಡು, ಬೇಲೂರು ಮೂರೂ ಕಡೆಯ ತಂಡಗಳು ಮುಂದಿನ ಜಾತ್ರೆಗೆ ಮುಂಚೆ ಒಟ್ಟಿಗೆ ಕೂತು ಈ ಆರು ಮಾತಿಗೆ ಕೈ ಹಾಕಬೇಕು. ಹಾಸ್ಟೆಲ್ಲಿನ ಓದು ಬಲ್ಲ ಹುಡುಗರು ಈ ಹಾಳೆ ಬರೆದು, ಕೇರಿಯ ಹಿರಿಯ ತಮಟೆಯವರಿಗೆ ಓದಿ ಹೇಳಬೇಕು. ಅವರಿಗೆ ತಾಳ ಗೊತ್ತು, ನಮಗೆ ಅಕ್ಷರ ಗೊತ್ತು. ಎರಡೂ ಕೂಡಲಿ.

ಜೈ ಭೀಮ್.